ಗೋಡೆಗೊಂದು ‘ಸರಿ’

ಮನೆ ರಿಪೇರಿಗೆ ಮೇಸ್ತ್ರಿಯನ್ನು ಕರೆಸುವ ಮೊದಲು ಇಡೀ ಮನೆಯನ್ನು ತಾವೇ ಒಮ್ಮೆ ಮೌಲ್ಯಮಾಪನ ಮಾಡಿಬಿಡಬೇಕೆಂದು ವ್ಯಾಕರಣದ ಮೇಷ್ಟ್ರು ತೀರ್ಮಾನಿಸಿದಾಗ ಅವರ ಹೆಂಡತಿಗೆ ದಿಗಿಲಾಯಿತು. ಮೇಷ್ಟ್ರು ಕೈಹಾಕಿದ ತಿದ್ದುಪಡಿ ಸಲೀಸಾಗಿ ಮುಗಿದದ್ದೇ ಇಲ್ಲ. (ತಮ್ಮ ಮದುವೆಯ ಆಮಂತ್ರಣ ಪತ್ರಿಕೆಯನ್ನೂ ತಿದ್ದಿ ತಿದ್ದಿ, ಅದು ಅಚ್ಚಾಗಿ ಬರುವ ಹೊತ್ತಿಗೆ ನೆಂಟರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.)

“ಮೇಸ್ತ್ರಿ ಬಂದ ಮೇಲೆ ನೀನೊಂದು ಹೇಳ್ತೀಯ, ಅಮ್ಮ ಇನ್ನೊಂದು ಹೇಳ್ತಾರೆ, ಅವನು ಮೂರನೇದನ್ನ ಕಟ್ಟಿಟ್ಟು ಹೋಗ್ತಾನೆ. ಅದಕ್ಕೇ ಮೇಸ್ತ್ರಿಗಿಂತ ಮೊದಲು ಮೇಷ್ಟ್ರು,” ಎಂದರು ಅವರು. ಕೆಂಪು ಸೀಮೆಸುಣ್ಣದಲ್ಲಿ ಮನೆಯ ಮೈಮೇಲೆಯೇ ಬರೆದುಬಿಡುವುದು. ಕೆಟ್ಟದ್ದಕ್ಕೆ ‘ತಪ್ಪು’, ನೆಟ್ಟಗಿರುವುದಕ್ಕೆ ‘ಸರಿ’. ಬರೆದದ್ದನ್ನು ಯಾರೂ ಒರೆಸಕೂಡದು, ಮೇಸ್ತ್ರಿಯ ಮುಂದೆ ಯಾರೂ ತುಟಿ ಪಿಟಕ್ಕೆನ್ನಕೂಡದು. ಗೋಡೆ ಹೇಳಿದ್ದೇ ಕೊನೆಯ ಮಾತು.

ಹೆಂಡತಿಗೆ ಬೇಕಾಗಿದ್ದದ್ದು ಒಂದೇ. ಅಡುಗೆಮನೆಗೂ ಹಜಾರಕ್ಕೂ ನಡುವೆ ನಿಂತ ಗೋಡೆ ಹೋಗಬೇಕು. ಮದುವೆಯಾಗಿ ಬಂದಾಗಿನಿಂದ ಆ ಗೋಡೆಗೇ ಮುಖಮಾಡಿ ಬೇಯಿಸಿದ್ದಳು. ಹಜಾರದಲ್ಲಿ ನಾಲ್ಕು ಜನ ಸೇರಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರೆ ಇವಳು ಸೌಟು ಹಿಡಿದೇ ಓಡಿಬಂದು “ಏನಂತೆ, ಏನಂತೆ” ಎಂದು ಕೇಳಬೇಕು. ಅಷ್ಟರಲ್ಲಿ ಇಲ್ಲಿ ನಗು ಆರಿರುತ್ತಿತ್ತು, ಅಲ್ಲಿ ಒಲೆಯ ಮೇಲಿನದು ಸೀದಿರುತ್ತಿತ್ತು. ಬಿಸಿ ನಗು ಒಂದಾದರೂ ತನಗೆ ಸಿಗಬೇಡವೇ ಎಂದು ಅವಳಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಆದರೆ ಅದೇ ಗೋಡೆಗೆ ಒರಗಿ ಮೇಷ್ಟ್ರ ಆರಾಮಕುರ್ಚಿ ಇತ್ತು. ಉತ್ತರಪತ್ರಿಕೆ ತಿದ್ದುತ್ತೇನೆಂದು ಅದರಲ್ಲಿ ಕೂತವರು, ಪತ್ರಿಕೆಯನ್ನೇ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಆ ಸದ್ದು ಅಡುಗೆಮನೆಗೆ ತಲುಪದಂತೆ ಮಾನ ಕಾಯುತ್ತಿರುವುದು ಈ ಗೋಡೆಯೇ ಎಂಬುದು ಅವರ ನಂಬಿಕೆ. ಅಂಥ ಉಪಕಾರಿಯನ್ನು ಕೆಡವುವುದುಂಟೆ?

ಭಾನುವಾರ ತಿಂಡಿಯಾದ ಮೇಲೆ ಮೌಲ್ಯಮಾಪನ ಶುರುವಾಯಿತು. ಸೋರುವ ನಲ್ಲಿಗೆ ‘ತಪ್ಪು’. ತೆರೆದರೆ ಮುಚ್ಚದ, ಮುಚ್ಚಿದರೆ ತೆರೆಯದ ಕಿಟಕಿಗೆ ‘ತಪ್ಪು’ (ಕೆಳಗೆ ‘ಇನ್ನೂ ಅಭ್ಯಾಸ ಬೇಕು’ ಎಂಬ ಷರಾ). ಕೊನೆಗೆ ಅಡುಗೆಮನೆಯ ಗೋಡೆ. ಹೆಂಡತಿ ಬಾಗಿಲಲ್ಲಿ ಕಾದು ನಿಂತಳು. ಮೇಷ್ಟ್ರು ದಪ್ಪಕ್ಷರದಲ್ಲಿ ‘ಸರಿ’ ಎಂದು ಬರೆದು ಅಡಿಗೆರೆಯನ್ನೂ ಎಳೆದರು. ಅವಳು ಒಳಗೆ ಹೋಗಿ, ಮಾತಾಡುವ ಕೆಲಸವನ್ನು ಪಾತ್ರೆಗಳಿಗೆ ವಹಿಸಿದಳು.

ಮಧ್ಯಾಹ್ನ ಮೇಷ್ಟ್ರ ತಾಯಿ ಎಂದಿನಂತೆ ಅದೇ ಗೋಡೆಯ ಬುಡದಲ್ಲಿ ಸ್ಟೂಲು ಹಾಕಿ ಕೂತು, ತಲೆಯೆತ್ತಿ ಓದಿದರು. ಮುಖ ಸಣ್ಣದಾಯಿತು.

“ಅಡ್ಡ ಕೂತಿದ್ದೀನಿ ಅಂತ ಬಾಯಲ್ಲೇ ಹೇಳಬಹುದಿತ್ತಲ್ಲೋ. ಹೆತ್ತ ತಾಯಿಗೆ ‘ಸರಿ’ ಅಂತ ಗೋಡೆ ಮೇಲೆ ಬರೀಬೇಕಿತ್ತಾ?”

ಇದು ಆ ‘ಸರಿ’ ಅಲ್ಲ, ಕ್ರಿಯಾಪದವೇ ಅಲ್ಲ ಎಂದು ಮೇಷ್ಟ್ರು ಬೆವರು ಸುರಿಸಿ ವಿವರಿಸಿದರು. ಪದ ಗಿದ ಎಲ್ಲ ತನಗೆ ಗೊತ್ತಿಲ್ಲ, ಸರಿ ಅಂದಮೇಲೆ ಸರಿಯಬೇಕು ಎಂದು ಮುದುಕಿ ಸ್ಟೂಲು ಎತ್ತಿಕೊಂಡು ಸರಿದೇಬಿಟ್ಟರು. ಒಳಗೆ ಪಾತ್ರೆಗಳ ಸದ್ದು ಗಕ್ಕನೆ ನಿಂತಿತು. (ಮೇಷ್ಟ್ರು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು, ಅವರು ನಿದ್ದೆಹೋದರು.)

ಸಂಜೆ ಮೇಸ್ತ್ರಿ ಬಂದ. ಒಂದೊಂದೇ ‘ತಪ್ಪು’ ಓದುತ್ತ ತಲೆದೂಗಿ, ಆ ಗೋಡೆಯ ಮುಂದೆ ನಿಂತು ಇದೇನೆಂದು ಕೇಳಿದ. ಹೆಂಡತಿ ಗಂಡನ ಅಪ್ಪಣೆಯಂತೆ ತುಟಿ ಪಿಟಕ್ಕೆನ್ನಲಿಲ್ಲ. ದಾರಿಗಡ್ಡ ನಿಂತವರನ್ನು ಕಳಿಸುವ ಹಾಗೆ ಕೈಯನ್ನು ಮಾತ್ರ ಪಕ್ಕಕ್ಕೆ ಬೀಸಿದಳು. ಮೇಸ್ತ್ರಿ ಗೋಡೆ ಬಡಿದು ನೋಡಿ, ಇದು ಭಾರ ಹೊತ್ತ ಗೋಡೆಯಲ್ಲ, ಧಾರಾಳವಾಗಿ ತೆಗೆಯಬಹುದು ಎಂದ.

ಮೇಷ್ಟ್ರು ಕುರ್ಚಿಯಿಂದ ದಡಬಡಿಸಿ ಎದ್ದರು. ಸರಿ ಎಂದರೆ ಸರಿಯಾಗಿದೆ ಎಂದರ್ಥ, ಮುಟ್ಟಕೂಡದು ಎಂದರು.

“ಸರಿ ಅನ್ನೋದು ಧಾತು,” ಎಂದಳು ಹೆಂಡತಿ. “ಹಾಗೇ ಹೇಳಿದ್ರೆ ಆಜ್ಞೆ. ಮನೆಪಾಠದ ಮಕ್ಕಳಿಗೆ ನೀವು ಗಂಟಲು ಹರ್ಕೊಂಡು ಹೇಳಿಕೊಡೋದನ್ನ ಈ ಗೋಡೆ ಆಚೆ ನಿಂತೇ ಕಲಿತಿದ್ದೀನಿ. ತಪ್ಪಿದ್ರೆ ತಿದ್ದಿ.”

ಇಷ್ಟು ಚೊಕ್ಕ ಉತ್ತರವನ್ನು ಯಾವ ವಿದ್ಯಾರ್ಥಿಯೂ ಮೇಷ್ಟ್ರಿಗೆ ಕೊಟ್ಟಿರಲಿಲ್ಲ. ಗಂಡನಿಗೆ ಸಿಟ್ಟು, ಮೇಷ್ಟ್ರಿಗೆ ಹೆಮ್ಮೆ, ಎರಡೂ ಒಬ್ಬರಿಗೇ ಆಗಿ ಅವರು ತಡವರಿಸಿದರು. ಕೊನೆಗೆ, ಗೋಡೆ ಇಲ್ಲದಿದ್ದರೆ ತಾವು ಪತ್ರಿಕೆ ತಿದ್ದುವ ಸದ್ದಿನಿಂದ ಅವಳಿಗೇ ತೊಂದರೆ ಎಂದು ಗೊಣಗಿದರು.

“ಗೊರಕೆ ತಾನೇ? ಅದೂ ಮೊದಲಿಂದ ಕೇಳಿಸ್ತಿದೆ.”

ಮೊದಲು ಮುದುಕಿ ನಕ್ಕರು. ಆಮೇಲೆ ಮೇಸ್ತ್ರಿ, ಕೊನೆಗೆ ದಾರಿ ಕಾಣದೆ ಮೇಷ್ಟ್ರೂ. ಹೆಂಡತಿ ಎಲ್ಲರ ಜೊತೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಯಾರನ್ನೂ ಏನಂತೆ ಎಂದು ಕೇಳಬೇಕಾಗಿ ಬರಲಿಲ್ಲ. ಅವಳು ಹಾಗೆ ನಗುವುದನ್ನು ಮೇಷ್ಟ್ರು ನೋಡಿಯೇ ಇರಲಿಲ್ಲ, ಗೋಡೆ ಇತ್ತಲ್ಲ.

ಅಷ್ಟರಲ್ಲಿ ಮೇಸ್ತ್ರಿ ಟೇಪು ಬಿಚ್ಚಿದ. “ಅಳತೆ ತಗೋಬೇಕು, ಮೇಷ್ಟ್ರೇ. ಸ್ವಲ್ಪ ಸರೀರಿ.”

“ಸರಿ,” ಎಂದು ಮೇಷ್ಟ್ರು ಕುರ್ಚಿ ಸಮೇತ ಸರಿದರು.