ಪತ್ರೊಡೆ ತಿಂದ ಟೆಲಿಫೋನು

ಒಂಬತ್ತು ವರ್ಷ ಕಾಯಿಸಿ, ಉಡುಪಿ ಬಿಟ್ಟು ಬಂದ ನಮ್ಮ ಮಹಾನಗರದಂಚಿನ ಕೋಪರಿಯ ಮನೆಗೆ ಸರಕಾರಿ ಫೋನು ಮಂಜೂರಾಗಿದೆ ಎಂದು ಕೇಳಿದ ದಿನವೇ ಬಿಲ್ಡಿಂಗಿನ ಹೆಂಗಸರ ಮುಂದೆ ಘೋಷಿಸಿಬಿಟ್ಟೆ: "ಊರವರ ಫೋನೆಲ್ಲ ಸತ್ತರೂ ಈ ಸತ್ಯಭಾಮೆಯ ಫೋನು ಸಾಯ್ಲಿಕ್ಕೆ ಬಿಡುದಿಲ್ಲ!"

ಫೋನು ಬಂತು. ಅರಸಿನ ಕುಂಕುಮ ಹಚ್ಚಿ ಆರತಿ ಎತ್ತಿದೆ. ನಾಲ್ಕನೆಯ ದಿನ ಸತ್ತಿತು!

ಆಗಿನ್ನೂ ಇದ್ದ ನಮ್ಮ ಯಜಮಾನರು ಹೋಟೆಲಿನ ಗಲ್ಲಾ ಬಿಟ್ಟು ಟೆಲಿಫೋನ್ ಆಫೀಸಿಗೆ ದೂರು ಕೊಡಲು ಹೋದವರು ಪೆಚ್ಚುಮೋರೆಯಲ್ಲಿ ಮರಳಿದರು.

"ಫೋನು ಸತ್ತರೆ ಫೋನು ಮಾಡಿ ತಿಳಿಸ್ಬೇಕಂತೆ ಮಾರಾಯ್ತಿ!"

"ಯಾವ ಫೋನಲ್ಲಿ?"

"ಅದನ್ನು ಕೇಳುವ ಕಿಟಕಿ ಬೇರೆ ಉಂಟಂತೆ. ಅದು ಊಟಕ್ಕೆ ಮುಚ್ಚಿತ್ತು."

ಹದಿನೆಂಟು ದಿನ ಕಳೆದು ಲೈನ್‌ಮನ್ ಗುರುವಪ್ಪ ಪ್ರತ್ಯಕ್ಷನಾದ. ಕಲಬುರ್ಗಿ ಕಡೆಯವ. ಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮ ಉಡುಪಿ ಕಡೆ ಉಂಟೇ? ಅಂದು ಗುರುವಾರ, ನಮ್ಮಲ್ಲಿ ಪತ್ರೊಡೆಯ ದಿನ. ಕೆಸುವಿನೆಲೆಯ ಬಿಸಿ ಪತ್ರೊಡೆಗೆ ತೆಂಗಿನೆಣ್ಣೆ ಸುರಿದು ಬಡಿಸಿದೆ.

"ಏನ್ ರುಚಿರೀ ಅಕ್ಕಾರ! ಇನ್ನ ನಿಮ್ಮ ಲೈನ್ ನಂದ ಜವಾಬ್ದಾರಿ!"

ಫೋನು ಬದುಕಿತು. ಮುಂದಿನ ಗುರುವಾರ ಮತ್ತೆ ಸತ್ತಿತು. ದೂರು ಕೊಟ್ಟ ಒಂದೇ ಗಂಟೆಯಲ್ಲಿ ಗುರುವಪ್ಪ ಹಾಜರ್! ಅದರ ಮುಂದಿನ ಗುರುವಾರವೂ ಅಷ್ಟೇ. ಉಳಿದವರು ತಿಂಗಳುಗಟ್ಟಲೆ ಕಾಯುವಾಗ ನಮಗೆ ಈ ರಾಜಮರ್ಯಾದೆ! ನಾನು ಬೀಗಿದೆ. ಯಜಮಾನರು ಮಾತ್ರ ಗೊಣಗಿದರು: "ಸರಕಾರಕ್ಕೆ ಬಾಡಿಗೆ ಬೇರೆ, ಲೈನ್‌ಮನ್ನಿಗೆ ಪತ್ರೊಡೆ ಬೇರೆ!"

ಆಗಲೇ ಕಲ್ಯಾಣದಿಂದ ಗಂಡಿನವರು ಬಂದು ನಮ್ಮ ಮಗಳು ಪ್ರಿಯಂವದೆಯನ್ನು ನೋಡಿ ಹೋದದ್ದು. ಗುರುವಾರ ಒಳ್ಳೆಯ ದಿನ, ಹನ್ನೊಂದಕ್ಕೆ ಫೋನಿನಲ್ಲಿ ತಿಳಿಸುತ್ತೇವೆ ಎಂದಿದ್ದರು. ಸರಿಯಾಗಿ ಹನ್ನೊಂದಕ್ಕೆ ಫೋನು ಬಾರಿಸಿತು. ಹುಡುಗನ ತಂದೆಯ ಗಂಭೀರ ಧ್ವನಿ: "ನಾವೆಲ್ಲ ಕೂತು ಮಾತಾಡಿದೆವು. ನಿಮ್ಮ ಹುಡುಗಿ ನಮಗೆ..."

ಟಕ್! ಸ್ಮಶಾನಮೌನ!

"ನಮಗೆ ಏನು? ಬೇಕೋ, ಬೇಡವೋ?" ಯಜಮಾನರು ಬೆವರಿದರು. ಪ್ರಿಯಂವದೆಗೆ ಆ ಹುಡುಗನ ಮೇಲೆ ಮನಸ್ಸಾಗಿತ್ತು. ಅವಳ ಕಣ್ಣು ತುಂಬಿತು. "ಅಮ್ಮಾ, ನಾವೇ ಫೋನು ಇಟ್ಟೆವು ಅಂದ್ಕೊಂಡ್ರೆ?"

ಲೋಕಲ್ ರೈಲು ಹಿಡಿದು ಕಲ್ಯಾಣಕ್ಕೇ ಓಡೋಣವೆಂದು ಯಜಮಾನರು ಬಾಗಿಲು ತೆರೆದರೆ ಎದುರಿಗೆ ಗುರುವಪ್ಪ! ಕೈ ತೊಳೆದುಕೊಂಡೇ ಬಂದಿದ್ದ.

"ಲೈನ್ ಕೆಟ್ಟೈತಲ್ರೀ ಅಕ್ಕಾರ?"

"ಕೆಟ್ಟು ಐದು ನಿಮಿಷ ಆಗ್ಲಿಲ್ಲ, ದೂರೂ ಕೊಡ್ಲಿಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

ಗುರುವಪ್ಪ ಫ್ಯಾನು ನೋಡಿದ. ಅಡುಗೆಮನೆಯ ಹಬೆ ಮೂಸಿದ. ತಲೆ ತಗ್ಗಿಸಿದ.

ನನ್ನ ಜಂಬ ಜರ್ರನೆ ಇಳಿಯಿತು. ಇಷ್ಟು ವಾರ ನನ್ನ ಫೋನನ್ನು ಕೊಂದದ್ದು ನನ್ನದೇ ಪತ್ರೊಡೆ!

"ಮೊದಲು ತಂತಿ ಜೋಡಿಸು! ಇಲ್ಲದಿದ್ರೆ ಒಂದು ತುಂಡೂ ಇಲ್ಲ!"

ಬಿಲ್ಡಿಂಗಿನ ಕೆಳಗಿನ ಫೋನು ತಂತಿಗಳ ಡಬ್ಬಿಗೆ ಓಡಿದ. ಎರಡೇ ನಿಮಿಷ! ಟ್ರಿಣ್!

"ನಿಮ್ಮ ಹುಡುಗಿ ನಮಗೆ ಒಪ್ಪಿಗೆ ಅನ್ನುವಷ್ಟರಲ್ಲಿ ಫೋನು ಇಟ್ಟುಬಿಟ್ರಲ್ಲ!" ಎಂದರು ಬೀಗರು.

ಮದುವೆಗೆ ಗುರುವಪ್ಪ ಇಸ್ತ್ರಿಯ ಅಂಗಿ ತೊಟ್ಟು ಬಂದ. ಅಕ್ಷತೆ ಹಾಕಿ, ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ. ಅವನನ್ನು ನಾನು ನೋಡಿದ್ದು ಅದೇ ಕೊನೆ.

"ಅಕ್ಕಾರ, ನಂದೊಂದು ಮಾತು ನಡಸಿಕೊಡ್ರಿ. ಮಗಳಿಗೆ ಪತ್ರೊಡಿ ಕಲಿಸೇ ಕಳಸ್ರಿ. ನನಗ ಕಲ್ಯಾಣಕ್ಕ ಬದಲಿ ಆಗೇದ!"