ದೊಡ್ಡವರ ಮನೆಯ ರಂಪ, ನಮ್ಮ ಮನೆಯ ಕೋಣೆ

ನಮ್ಮ ಭಾವನವರಿಗೆ, ಅಂದರೆ ನನ್ನ ಯಜಮಾನರ ಅಣ್ಣನಿಗೆ, ಯಾವ ಚಟವೂ ಇಲ್ಲವೆಂದು ಹುಣಸೂರಿನಲ್ಲಿ ಎಲ್ಲರೂ ಹೊಗಳುತ್ತಾರೆ. ಹೊಗಳುವವರನ್ನು ಒಂದು ದಿನ ನಮ್ಮ ಮನೆ ಕಸ ಗುಡಿಸಲು ಕರೆಯಬೇಕು! ಬೀಡಿ ಇಲ್ಲ, ಇಸ್ಪೀಟಿಲ್ಲ, ಮದುವೆಯನ್ನೂ ಆಗದೆ ನಮ್ಮ ಜೊತೆಗೇ ಇದ್ದಾರೆ, ಎಲ್ಲ ನಿಜ. ಆದರೆ ಯಾವುದೋ ಸಿರಿವಂತರ ಜೀವನಚರಿತ್ರೆ ಬಂದು, ಅದರಲ್ಲಿ ಯಾರು ಯಾರನ್ನು ಬಿಟ್ಟು ಯಾರ ಜೊತೆ ಹೋದರೆಂದು ಬರೆದು, ಆ ಮನೆಯವರು ಕೋರ್ಟು ಹತ್ತಿದರೆಂದರೆ ಮುಗಿಯಿತು, ಆ ಪುಸ್ತಕ ಇವರಿಗೆ ಬೇಕು. ಅದೂ ಮೊದಲ ಮುದ್ರಣವೇ ಆಗಬೇಕು. ಎರಡನೆಯದರಲ್ಲಿ ಸಾರವಿರುವುದಿಲ್ಲವಂತೆ, ಕೋರ್ಟು ತೆಗೆಸಿರುತ್ತದಂತೆ! ಜೊತೆಗೆ ಬರೆದವರ ಸಹಿ ಬೇರೆ. ದೇವರು ನನಗೆ ತಾಳ್ಮೆ ಕೊಟ್ಟಿದ್ದಾನೆ, ಅದೊಂದು ಪುಣ್ಯ. ಇವರ ಪುಸ್ತಕಗಳಿಗೆ ಸಾಲುವಷ್ಟು ಕೊಟ್ಟಿಲ್ಲ.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಬಾಳೆಕಂದು ತರುತ್ತೇನೆಂದು ಹೋದವರು ಬಂದದ್ದು ಸಂಜೆಗೆ. ಕೈಯಲ್ಲಿ ಪುಸ್ತಕ! ಎಚ್.ಡಿ. ಕೋಟೆ ಕಡೆಯ ರೆಸಾರ್ಟೊಂದರಲ್ಲಿ ಅದನ್ನು ಬರೆದಾಕೆ ತಂಗಿದ್ದಾಳೆಂದು ಯಾರೋ ಹೇಳಿದ್ದಾರೆ. ಇವರು ಎರಡು ಬಸ್ಸು ಹತ್ತಿಳಿದು, ಗೇಟಿನ ಹೊರಗೆ ನಾಲ್ಕು ಗಂಟೆ ನಿಂತು, ಆಕೆಯ ಕಾರನ್ನೇ ಅಡ್ಡಗಟ್ಟಿ ಸಹಿ ಹಾಕಿಸಿಕೊಂಡಿದ್ದಾರೆ.

"ಬಾಳೆಕಂದು ಎಲ್ಲಿ ಭಾವ?"

"ಬುಡವ್ವ, ಅದು ವರ್ಸಾ ವರ್ಸಾ ಸಿಕ್ತದೆ. ಈವಮ್ಮ ಇನ್ನೊಂದ್ಸಲ ಸಿಕ್ಕಾಳಾ?"

ಲಕ್ಷ್ಮಿ ಮಾತ್ರ ನಮಗೆ ತಪ್ಪದೆ ಸಿಗುತ್ತಿರಬೇಕು, ಅಲ್ಲವೇ!

ಸರಸ್ವತಿ ಪೂಜೆಗೆ ಮನೆಯ ಪುಸ್ತಕಗಳನ್ನೆಲ್ಲ ಇಡುವುದು ಪದ್ಧತಿ. ಇವರೂ ತಂದಿಟ್ಟರು. ಪಂಚಾಂಗದ ಪಕ್ಕದಲ್ಲೇ ಮೂರು ಗಂಡಂದಿರನ್ನು ಬಿಟ್ಟ ಮಹಾತಾಯಿಯೊಬ್ಬಳು ನಗುತ್ತ ಕೂತಿದ್ದಾಳೆ! ನಾನು ಹಲ್ಲು ಕಚ್ಚಿಕೊಂಡು, ಅತ್ತೆ ಕಲಿಸಿದ ಹಾಗೆ, ಪ್ರತಿ ಪುಸ್ತಕದ ಮೊದಲ ಪುಟ ತೆರೆದು ಒದ್ದೆ ಅರಿಸಿನ, ಕುಂಕುಮ ಇಟ್ಟೆ. ಸಹಿಯೂ ಅಲ್ಲೇ ಇರುತ್ತದೆಂದು ನನಗೇನು ಗೊತ್ತು?

"ಅಯ್ಯಯ್ಯೋ, ಇಪ್ಪತ್ತೇಳು ಸಹಿ ಕಣವ್ವ!"

"ಇಪ್ಪತ್ತೇಳೂ ಮುತ್ತೈದೇರಾದ್ರು ಬುಡಿ ಭಾವ" ಎಂದೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಎರಡು ವರ್ಷದ ಹಿಂದೆ ನಮ್ಮ ಒಬ್ಬಳೇ ಮಗಳು ನಮಗೆ ಹೇಳದೆ ತಾನೇ ಮೆಚ್ಚಿದವನನ್ನು ಮದುವೆಯಾದಳು. ಅಂದಿನಿಂದ ಪಿರಿಯಾಪಟ್ಟಣದವರೆಗೂ ನಮ್ಮ ಮನೆಯದೇ ಮಾತು. ಅವಳ ಹೆಸರೆತ್ತಬೇಡ ಎಂದುಬಿಟ್ಟರು ಯಜಮಾನರು. ಈಗ ಅವಳಿಗೆ ಎಂಟು ತಿಂಗಳು. ಕೆ.ಆರ್. ನಗರದಲ್ಲಿ ಬಾಡಿಗೆ ಮನೆ, ಅತ್ತೆಯಿಲ್ಲ. "ಬಾಣಂತನಕ್ಕೆ ಬರಲಾ ಅಮ್ಮ?" ಎಂದು ಫೋನಿನಲ್ಲಿ ಕೇಳಿದಳು. ನಾನು ಯಜಮಾನರನ್ನು ಕೇಳಿದರೆ, "ಇರೋ ಒಂದು ಕೋಣೆ ಅಣ್ಣನ ಪುಸ್ತಕಕ್ಕೇ ಸಾಲಲ್ಲ" ಎಂದು ಟವೆಲ್ ಕೊಡವಿ ಎದ್ದುಹೋದರು. ನೆಪ ನೋಡಿ!

ನಾನು ನೇರ ಭಾವನವರ ಕೋಣೆಗೆ ನುಗ್ಗಿದೆ.

"ಯಾರದೋ ಮನೆ ಹೆಣ್ಮಕ್ಕಳ ರಂಪಕ್ಕೆ ಗಾಜಿನ ಬೀರು! ನಮ್ಮನೆ ಹೆಣ್ಣಿಗೆ ಒಂದು ಚಾಪೆ ಜಾಗ ಇಲ್ವಾ ಭಾವ? ಇಷ್ಟೆಲ್ಲ ಓದಿ ಏನು ಕಲ್ತ್ರಿ ನೀವು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಮಾರನೆಯ ಬೆಳಿಗ್ಗೆ ನಾನು ದೇವಸ್ಥಾನದಿಂದ ಬರುವಷ್ಟರಲ್ಲಿ ಕೋಣೆ ಖಾಲಿ! ಪುಸ್ತಕಗಳೆಲ್ಲ ಆಟೋ ಏರಿ ಗಾವಡಗೆರೆಯ ಒಬ್ಬ ಮೇಷ್ಟರ ಮನೆಗೆ ಹೋಗಿದ್ದವು. ವಾಪಸು ಕೇಳುವುದಿಲ್ಲವೆಂದು ಹೇಳಿಯೇ ಕಳಿಸಿದ್ದರಂತೆ. ಎಪ್ಪತ್ತು ದಾಟಿದ ಭಾವನವರು ಮೊಣಕಾಲೂರಿ ನೆಲ ಒರೆಸುತ್ತಿದ್ದರು. ಯಜಮಾನರು ಬಾಗಿಲಲ್ಲಿ ಗರ ಬಡಿದವರಂತೆ ನಿಂತಿದ್ದರು.

"ನೋಡ್ಲಾ" ಎಂದರು ಭಾವನವರು, ತಮ್ಮನ ಕಡೆ ತಲೆಯೆತ್ತದೆ. "ಅಷ್ಟೂ ಪುಸ್ತಕದಾಗೆ ಒಂದೇ ಕತೆ ಕಣ್ಲಾ. ಮಕ್ಕಳು ತಪ್ಪು ಮಾಡಿದ್ದು ಎಲ್ಡು ಪುಟ. ಮನೆಯೋರು ಬಾಗಿಲು ಹಾಕ್ಕಂಡಿದ್ದು ಮುನ್ನೂರು ಪುಟ. ಓಗು, ಮಗೀನ ಕರ್ಕಂಡು ಬಾ."

ಯಜಮಾನರು ಚಪ್ಪಲಿ ಮೆಟ್ಟಿ, ಕೆ.ಆರ್. ನಗರದ ಬಸ್ಸಿಗೆ ಹೊರಟರು.

"ಏಳಿ ಮೇಲೆ ಭಾವ, ಒಂದು ಮೂಲೆ ಒರೆಸಾಕೂ ಬರಕಿಲ್ಲ ನಿಮಗೆ!" ಎಂದು ಗದರಿ ಬಟ್ಟೆ ಕಸಿದುಕೊಂಡೆ. ಆಮೇಲೆ ಗೋಡೆಯ ಕಡೆ ತಿರುಗಿ ಕೂತು, ಅವರು ಆಗಲೇ ಚೊಕ್ಕವಾಗಿ ಒರೆಸಿದ್ದ ನೆಲವನ್ನೇ ಬಹಳ ಹೊತ್ತು ಒರೆಸಿದೆ.