ಎರ್ಸೀಲಿಯಾಳ ನಾಲಿಗೆಯ ಅಮಾನತು

ಇಟಲಿಯ ಅಬ್ರುಜ್ಜೊ ಬೆಟ್ಟಗಳ ನಡುವಿನ ಪೊಜ್ಜೊಸ್ಕುರೊ ಊರಿನಲ್ಲಿ ಕಹಿ ಎಂಬುದು ರುಚಿಯಲ್ಲ, ನಿಯಮ. ಅಲ್ಲಿ ಹನ್ನೆರಡು ಗಿಡಮೂಲಿಕೆಗಳಿಂದ ಇಳಿಸುವ ಮದ್ಯದ ಹೆಸರೇ ಅಮಾರೋ, ಅಂದರೆ ಕಹಿ. ಊಟವಾದ ಮೇಲೆ ಅದನ್ನು ಒಂದು ಗುಟುಕು ಕುಡಿದು ಮುಖ ಹಿಂಡಿಕೊಳ್ಳುವವರ ಸಂಘಕ್ಕೆ ನೂರಾ ನಾಲ್ಕು ವರ್ಷ ತುಂಬಿದ್ದು, ಸದಸ್ಯರು ಇನ್ನೂರ ಹನ್ನೆರಡು. ನಿಯಮಾವಳಿಯ ಒಂದನೇ ಕಲಮು: "ಅಮಾರೋ ಕಹಿಯಾಗಿರುತ್ತದೆ." ಎರಡನೇ ಕಲಮು ಇಲ್ಲ.

ಎರ್ಸೀಲಿಯಾ ಮೂವತ್ತು ವರ್ಷ ಬೆಟ್ಟ ಹತ್ತಿ, ಹಳದಿ ಹೂವಿನ ಜೆನ್ಸಿಯಾನಾ ಗಿಡದ ಬೇರು ಅಗೆದು ಅಮಾರೋ ಕಾರ್ಖಾನೆಗೆ ಕೊಟ್ಟವಳು. ಕಹಿಯ ಮುಕ್ಕಾಲು ಪಾಲು ಆ ಬೇರಿನದೇ. ಹೋದ ಶರತ್ಕಾಲದಲ್ಲಿ ಕಾರ್ಖಾನೆಗೆ ಹೊಸ ಮಾಲೀಕರು ಬಂದರು. ಬೇರು ಬೇಡ ಎಂದರು. ಆಕೆ ಮೂಟೆಯನ್ನು ಮನೆಗೆ ಎಳೆದುಕೊಂಡು ಬಂದಳು.

ಮಾರ್ಚಿನಲ್ಲಿ ಬಾರಿನಲ್ಲಿ ಹೊಸ ಬಾಟಲಿ ತೆರೆದಾಗ ಒಂದು ಗುಟುಕು ಕುಡಿದು ಕಹಿಗೆ ಕಾದಳು. ಏನೂ ಬರಲಿಲ್ಲ.

"ಇದು ಸಿಹಿ," ಎಂದಳು.

ಸಂಘದ ಅಧ್ಯಕ್ಷ, ನಿವೃತ್ತ ನೋಟರಿ ಔರೇಲಿಯೊ ಲೋಟ ಕೆಳಗಿಟ್ಟರು. "ಏನಂದೆ?"

"ಸಿಹಿ ಅಂದೆ. ಬೇರೇ ಹಾಕಿಲ್ಲ, ಸಕ್ಕರೆ ಸುಟ್ಟು ಸುರಿದಿದಾರೆ. ನೀವೇ ಕುಡಿದು ನೋಡಿ."

"ಮೆಲ್ಲಗೆ ಮಾತಾಡು ಮಾರಾಯ್ತಿ, ಹತ್ತು ಜನ ಇದಾರೆ."

"ಹತ್ತು ಜನಕ್ಕೂ ನಾಲಿಗೆ ಇದೆಯಲ್ಲ?"

ಹತ್ತೂ ಜನ ಸೂರು ನೋಡಿದರು.

ಮರುದಿನ ಬಾರಿನ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು. "ಒಂದನೇ ಕಲಮಿನ ಪ್ರಕಾರ ಕಹಿಯಾಗಿರುವ ವಸ್ತುವು ಕಹಿಯೆನಿಸದಿದ್ದಲ್ಲಿ, ದೋಷವು ನಾಲಿಗೆಯದೆಂದು ಪರಿಗಣಿಸತಕ್ಕದ್ದು. ವೈದ್ಯಕೀಯ ವರದಿ ಬರುವತನಕ ಸದರಿ ನಾಲಿಗೆಯನ್ನು ಅಮಾನತಿನಲ್ಲಿಡಲಾಗಿದೆ. ಶ್ರೀಮತಿ ಎರ್ಸೀಲಿಯಾ ಬಾರಿಗೆ ಬರಬಹುದು, ನಾಲಿಗೆ ಬರತಕ್ಕದ್ದಲ್ಲ."

ಓದಿ ಆಕೆ ಬಿದ್ದು ಬಿದ್ದು ನಕ್ಕಳು. ಆದರೆ ಯಾರೂ ಮಾತಾಡಿಸಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ಇಸ್ಪೀಟಾಡಿದ ಗೆಳತಿಯರು ಆಕೆಯ ಕುರ್ಚಿಗೆ ಬೇರೊಬ್ಬಳನ್ನು ಕೂರಿಸಿದರು. ಅದೊಂದನ್ನು ನೋಡಲಾಗಲಿಲ್ಲ. ಐದನೇ ದಿನ ಡಾಕ್ಟರ್ ತುಲ್ಲಿಯೊ ಬಳಿ ಹೋದಳು. ಅವರೇ ಸಂಘದ ಕಾರ್ಯದರ್ಶಿ.

"'ಆ' ಅನ್ನು," ಎಂದು ಟಾರ್ಚು ಬಿಟ್ಟು ನೋಡಿದರು. "ನಾಲಿಗೆ ಸರಿಯಾಗಿ ಕೆಲಸ ಮಾಡ್ತಿದೆ. ಅದೇ ಕಾಯಿಲೆ."

"ಡಾಕ್ಟ್ರೇ, ನಿಮಗೆ ಅದು ಕಹಿ ಅನಿಸ್ತಾ?"

"ನಾನು ಕಾರ್ಯದರ್ಶಿ ಕಣಮ್ಮ," ಎಂದು ಔಷಧಿ ಬರೆದುಕೊಟ್ಟರು: ಜೆನ್ಸಿಯಾನಾ ಬೇರು, ಒಂದು ಚೂರು, ಅಮಾರೋ ಕುಡಿಯುವ ಮುನ್ನ ನಾಲಿಗೆಯಡಿ ಇಡುವುದು.

ಔಷಧಿ ಅಂಗಡಿಯಲ್ಲಿ ಅದು ಸಿಗಲಿಲ್ಲ. ಆಕೆಯ ಮನೆಯಲ್ಲಿ ಮೂಟೆಯೇ ಇತ್ತು. ಅಂದೇ ಮಧ್ಯಾಹ್ನ ಬಾರಿನಲ್ಲಿ ಎಲ್ಲರೆದುರು ಕುಡಿದು ಮುಖ ಹಿಂಡಿದಳು. ನಾಲಿಗೆಯ ಅಮಾನತು ರದ್ದಾಯಿತು, ಕುರ್ಚಿ ವಾಪಸು ಬಂತು.

ಮಾರನೇ ಬೆಳಿಗ್ಗೆ ಹಿತ್ತಿಲ ಬಾಗಿಲು ಬಡಿದ ಸದ್ದು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಔರೇಲಿಯೊ ನಿಂತಿದ್ದರು.

"ಒಂದು ಚೂರು ಬೇರು ಸಿಗುತ್ತಾ?"

"ಯಾಕೆ ಅಧ್ಯಕ್ಷರೇ, ನಿಮಗೂ ಕಾಯಿಲೆ ಬಂತಾ?"

"ನನಗಲ್ಲಮ್ಮ, ನನ್ನ ಹೆಂಡ್ತಿಗೆ."

ಅರ್ಧ ಗಂಟೆಯ ಮೇಲೆ ಅವರ ಹೆಂಡತಿ ಬಂದು ಗಂಡನಿಗೆಂದು ಒಂದು ಚೂರು ಒಯ್ದಳು. ವಾರ ಕಳೆಯುವುದರಲ್ಲಿ ಇನ್ನೂರ ಹನ್ನೊಂದು ಸದಸ್ಯರೂ ತಮಗಲ್ಲವೆಂದು ಹೇಳಿ ಬೇರು ಕೊಂಡೊಯ್ದಿದ್ದರು. ಕೊನೆಗೆ ಬಂದವರು ಡಾಕ್ಟರು.

ವಾರ್ಷಿಕ ಸಭೆಗೆ ಪ್ರಾಂತ್ಯದ ಕಹಿ ಮಾಪನಾಧಿಕಾರಿಗಳು ದಯಮಾಡಿಸಿದರು. ಸದಸ್ಯರೆಲ್ಲ ಏಕಕಾಲಕ್ಕೆ ಕುಡಿದರು. ಅಧಿಕಾರಿಗಳು ಸಾಲಾಗಿ ನಡೆದು ಮುಖದ ಸುಕ್ಕುಗಳನ್ನು ಎಣಿಸಿದರು. ತಲೆಗೆ ಸರಾಸರಿ ಹದಿನೇಳು. ಸಂಘದ ಇತಿಹಾಸದಲ್ಲೇ ಅತ್ಯಧಿಕ. ಮೂವರಿಗೆ ಕಣ್ಣೀರು ಬಂದದ್ದನ್ನು ಪ್ರತ್ಯೇಕವಾಗಿ ದಾಖಲಿಸಲಾಯಿತು.

ಹೊಸ ಮಾಲೀಕರು ಭಾವುಕರಾಗಿ ಎದ್ದು ನಿಂತರು. "ಒಂದು ಮೂಲಿಕೆ ಕೈಬಿಟ್ಟಿದ್ದಕ್ಕೇ ಕಹಿ ಇಷ್ಟು ಹೆಚ್ಚಿದೆ. ಆದ್ದರಿಂದ ಮುಂದಿನ ವರ್ಷದಿಂದ ಉಳಿದ ಹನ್ನೊಂದನ್ನೂ ಕೈಬಿಡಲು ತಮ್ಮ ಒಪ್ಪಿಗೆ ಕೋರುತ್ತೇನೆ."

ಔರೇಲಿಯೊ ಸಭೆಯತ್ತ ತಿರುಗಿದರು. ಒಪ್ಪುವವರು ಕೈಯೆತ್ತಬಹುದು, ವಿರೋಧವಿದ್ದವರು ಬಾಯಿಬಿಟ್ಟು ಹೇಳಬೇಕು ಎಂದರು. ಬಾಯಿಬಿಟ್ಟರೆ ಒಳಗಿರುವುದು ಕಾಣುತ್ತಿತ್ತು. ಎರ್ಸೀಲಿಯಾ ಒಮ್ಮೆ ಇಡೀ ಸಭೆಯನ್ನು ನೋಡಿದಳು, ಬೇರಿನ ಚೂರನ್ನು ದವಡೆಗೆ ಒತ್ತಿಕೊಂಡಳು, ಎಲ್ಲರೊಂದಿಗೆ ಕೈಯೆತ್ತಿದಳು. ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.